ಬಗ್ ಕಂಡರೆ ಯಾರಿಗೆ ಹೇಳಬೇಕು? ಮುಕ್ತ ತಂತ್ರಾಂಶದ ದೂರು ಪುಸ್ತಕ ಹೇಗಿರಬೇಕು?

ಹೀಗೊಂದು ಸನ್ನಿವೇಶ ಊಹಿಸಿಕೊಳ್ಳಿ. ವೇಣೂರಿನ ಹೈಸ್ಕೂಲಿನ ಕನ್ನಡ ಟೀಚರ್ ಒಬ್ಬರು ರಾತ್ರಿ ಕೂತು ಅಂಕಪಟ್ಟಿ ಸಿದ್ಧಪಡಿಸುತ್ತಿದ್ದಾರೆ. ಬಳಸುತ್ತಿರುವುದು ದುಡ್ಡು ಕೊಡಬೇಕಿಲ್ಲದ ಮುಕ್ತ ತಂತ್ರಾಂಶ. ಪರದೆಯ ಮೇಲೆ ‘ರ‍್ಯಾಂಕ್’ ಎಂದು ಸರಿಯಾಗಿಯೇ ಕಾಣುತ್ತಿದೆ. ಅದನ್ನೇ ಪಿಡಿಎಫ್ ಮಾಡಿದರೆ ‘ರ್ಯಾಂಕ್’ ಆಗುತ್ತದೆ! ‘ಸೂರ್ಯ’, ‘ಕಾರ್ಯ’ ಪದಗಳಲ್ಲಿ ಬರುವ ಅರ್ಕಾವೊತ್ತು ಕರೆಯದೆಯೇ ಬಂದು ಕುಳಿತಿದೆ.

ಟೀಚರ್ ಎರಡು ಸಲ ಅಳಿಸಿ ಬರೆದು ನೋಡುತ್ತಾರೆ. ಆಮೇಲೆ ‘ಸ್ಥಾನ’ ಎಂದು ಪದವನ್ನೇ ಬದಲಿಸಿ ಮಲಗುತ್ತಾರೆ. ಕೆಲಸವೇನೋ ಮುಗಿಯಿತು, ದೋಷ ಮಾತ್ರ ಅಲ್ಲೇ ಉಳಿಯಿತು. ನಾಳೆ ಮೂಡುಬಿದಿರೆಯಲ್ಲೋ ಬಂಟ್ವಾಳದಲ್ಲೋ ಇನ್ನೊಬ್ಬರು ಇದನ್ನೇ ಎದುರಿಸುತ್ತಾರೆ, ಅವರೂ ಪದ ಬದಲಿಸುತ್ತಾರೆ. ತಂತ್ರಾಂಶ ಬರೆದವರಿಗೆ ಇಂಥದ್ದೊಂದು ತೊಂದರೆ ಇದೆಯೆಂಬುದು ಗೊತ್ತಾಗುವುದೇ ಇಲ್ಲ.

ಹೀಗಾಗಬಾರದೆಂದೇ ಮುಕ್ತ ತಂತ್ರಾಂಶಗಳ ಲೋಕದಲ್ಲಿ ‘ಬಗ್ ಟ್ರ್ಯಾಕರ್’ ಎಂಬ ವ್ಯವಸ್ಥೆ ಇದೆ. ಸರಳವಾಗಿ ಹೇಳುವುದಾದರೆ ಅದು ಎಲ್ಲರೂ ಓದಬಹುದಾದ, ಎಲ್ಲರೂ ಬರೆಯಬಹುದಾದ ಒಂದು ದೂರು ಪುಸ್ತಕ. ಅದನ್ನು ರೂಪಿಸುವುದು ಮಾತ್ರ ಅಂದುಕೊಂಡಷ್ಟು ಸರಳವಲ್ಲ.

ಬಗ್ ಎಂಬ ಹೆಸರು ಪತಂಗದಿಂದ ಬಂತೇ?

ಮೊದಲಿಗೆ ಒಂದು ಜನಪ್ರಿಯ ಕತೆ. ಕಂಪ್ಯೂಟರಿನೊಳಗೆ ಪತಂಗವೊಂದು ಸಿಕ್ಕಿಕೊಂಡಿತ್ತು, ಅದರಿಂದಲೇ ತಂತ್ರಾಂಶದ ದೋಷಕ್ಕೆ ‘ಬಗ್’ ಎಂಬ ಹೆಸರು ಬಂತು ಎಂದು ನಾವೆಲ್ಲ ಕೇಳಿದ್ದೇವೆ. ಇದರಲ್ಲಿ ಅರ್ಧ ನಿಜ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್ 2 ಕಂಪ್ಯೂಟರಿನ ರಿಲೇ ಒಂದರಲ್ಲಿ ಪತಂಗ ಸಿಕ್ಕಿದ್ದು ಹೌದು. ಅಲ್ಲಿದ್ದವರು ಅದನ್ನು ದಿನಚರಿ ಪುಸ್ತಕಕ್ಕೆ ಟೇಪಿನಿಂದ ಅಂಟಿಸಿದ್ದೂ ಹೌದು. ಆ ಪುಸ್ತಕ ಈಗ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ.

ಆದರೆ ಹೆಸರು ಅದಕ್ಕಿಂತ ಬಹಳ ಹಳೆಯದು. ಥಾಮಸ್ ಎಡಿಸನ್ 1878ರಲ್ಲಿ ಬರೆದ ಪತ್ರವೊಂದರಲ್ಲೇ ಯಂತ್ರಗಳ ಸಣ್ಣಪುಟ್ಟ ದೋಷಗಳನ್ನು ಬಗ್ ಎಂದು ಕರೆದಿದ್ದ. ಮಾರ್ಕ್ 2 ನಡೆಸುತ್ತಿದ್ದವರು ಪತಂಗವನ್ನು ಅಂಟಿಸಿ ನಕ್ಕಿದ್ದು ಆ ಪದ ಅವರಿಗೆ ಮೊದಲೇ ಗೊತ್ತಿದ್ದರಿಂದ. ಈ ಕತೆಯನ್ನು ಜನಪ್ರಿಯಗೊಳಿಸಿದ್ದು ಗ್ರೇಸ್ ಹಾಪರ್, ಪತಂಗವನ್ನು ಹಿಡಿದದ್ದು ಅವರಲ್ಲ.

ಈ ಕತೆಯಲ್ಲಿ ನಮಗೆ ಬೇಕಾದ ಅಂಶ ಇನ್ನೊಂದಿದೆ. ಅವರು ದೋಷವನ್ನು ಸರಿಪಡಿಸಿ ಸುಮ್ಮನಾಗಲಿಲ್ಲ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಭಾಗದಲ್ಲಿ ಸಿಕ್ಕಿತೆಂದು ಬರೆದಿಟ್ಟರು, ಸಾಕ್ಷಿಯನ್ನೂ ಜೊತೆಗಿಟ್ಟರು. ಇಂದಿನ ಬಗ್ ಟ್ರ್ಯಾಕರ್ ಮಾಡುವುದೂ ಇದನ್ನೇ.

ಬಹಿರಂಗ ಪುಸ್ತಕವೇ ಏಕೆ?

ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋಯಿತೆನ್ನಿ. ಐವತ್ತು ಮನೆಯವರು ವಿದ್ಯುತ್ ಕಚೇರಿಗೆ ಫೋನ್ ಮಾಡುತ್ತಾರೆ. ಫೋನೆತ್ತುವವರು ಐವತ್ತು ಸಲ ಒಂದೇ ಉತ್ತರ ಹೇಳಬೇಕು. ಮರ ಬಿದ್ದದ್ದು ಎಲ್ಲಿ, ಲೈನ್‌ಮ್ಯಾನ್ ಹೊರಟಿದ್ದಾರೆಯೇ ಎಂಬುದು ಕೇಳಿದವರಿಗಷ್ಟೇ ಗೊತ್ತು. ಅದೇ ಮಾಹಿತಿ ಎಲ್ಲರಿಗೂ ಕಾಣುವ ಬೋರ್ಡಿನಲ್ಲಿದ್ದರೆ? ನಲವತ್ತೊಂಬತ್ತು ಫೋನು ಉಳಿಯುತ್ತಿತ್ತು. ಐವತ್ತನೆಯವರು ‘ಮರ ಅಲ್ಲಲ್ಲ, ಇಲ್ಲಿ ಬಿದ್ದಿದೆ’ ಎಂದು ತಿದ್ದಲೂಬಹುದಿತ್ತು.

ಈ ಆಲೋಚನೆಯನ್ನು ಬಹಳ ಮೊದಲೇ ಜಾರಿಗೆ ತಂದವರಲ್ಲಿ ಡೆಬಿಯನ್ ಯೋಜನೆಯವರು ಪ್ರಮುಖರು. 1994ರಲ್ಲಿ ಇಯಾನ್ ಜಾಕ್ಸನ್ ಇದಕ್ಕಾಗಿ ಇಮೇಲ್ ಮೂಲಕವೇ ನಡೆಯುವ ಟ್ರ್ಯಾಕರ್ ಒಂದನ್ನು ಬರೆದರು. ದೋಷಗಳನ್ನು ಬಚ್ಚಿಡುವುದಿಲ್ಲ, ದೂರುಗಳ ಪಟ್ಟಿಯನ್ನು ಸದಾ ಬಹಿರಂಗವಾಗಿ ಇಡುತ್ತೇವೆ ಎಂಬುದನ್ನು ಡೆಬಿಯನ್ 1997ರ ತನ್ನ ‘ಸಾಮಾಜಿಕ ಒಪ್ಪಂದ’ದಲ್ಲೇ ಸೇರಿಸಿಕೊಂಡಿತು. 1998ರಲ್ಲಿ ನೆಟ್‌ಸ್ಕೇಪ್ ತನ್ನ ಬ್ರೌಸರನ್ನು ಮುಕ್ತಗೊಳಿಸಿ ಮೊಜಿಲ್ಲಾ ಯೋಜನೆ ಆರಂಭವಾದಾಗ ಟೆರ್ರಿ ವೈಸ್‌ಮನ್ ಬರೆದ ಬಗ್‌ಜಿಲ್ಲಾ ಬಂತು. ಲಿಬ್ರೆಆಫೀಸ್ ಇಂದಿಗೂ ಬಗ್‌ಜಿಲ್ಲಾವನ್ನೇ ಬಳಸುತ್ತದೆ. ಕನ್ನಡ ವಿಕಿಪೀಡಿಯವನ್ನೂ 2016ರಲ್ಲಿ ಶುರುವಾದ ತುಳು ವಿಕಿಪೀಡಿಯವನ್ನೂ ನಡೆಸುವ ತಂತ್ರಾಂಶದ ದೂರುಗಳು ಮೊದಲು ಬಗ್‌ಜಿಲ್ಲಾದಲ್ಲಿ ದಾಖಲಾಗುತ್ತಿದ್ದವು. 2014ರ ನವೆಂಬರಿನಲ್ಲಿ ವಿಕಿಮೀಡಿಯ ಅದನ್ನು ಬಿಟ್ಟು ಫ್ಯಾಬ್ರಿಕೇಟರ್‌ಗೆ ಬಂತು.

ಆ ಬದಲಾವಣೆಯಲ್ಲಿ ಕಲಿಯಬೇಕಾದ ಒಂದು ಸಣ್ಣ ಸಂಗತಿ ಇದೆ. ಹಳೆಯ ದೂರುಗಳ ಸಂಖ್ಯೆಗೆ 2000 ಕೂಡಿಸಿ ಹೊಸ ಸಂಖ್ಯೆ ಕೊಟ್ಟರು. ಎಂದೋ ಯಾರೋ ಬರೆದಿಟ್ಟುಕೊಂಡ ದೂರಿನ ಸಂಖ್ಯೆ ವ್ಯರ್ಥವಾಗಲಿಲ್ಲ. ಪುಸ್ತಕ ಬದಲಾದರೂ ಹಳೆಯ ಪುಟ ಸಿಗಬೇಕೆಂಬುದು ಒಳ್ಳೆಯ ವಿನ್ಯಾಸದ ಮೊದಲ ಪಾಠಗಳಲ್ಲಿ ಒಂದು.

ದೂರಿನಲ್ಲಿ ಏನೇನಿರಬೇಕು?

‘ಕನ್ನಡ ಸರಿಯಾಗಿ ಬರುತ್ತಿಲ್ಲ’ ಎಂದಷ್ಟೇ ಬರೆದರೆ ಯಾರಿಗೂ ಉಪಯೋಗವಿಲ್ಲ. ಡಾಕ್ಟರ ಹತ್ತಿರ ಹೋಗಿ ‘ಮೈ ಸರಿಯಿಲ್ಲ’ ಎಂದಷ್ಟೇ ಹೇಳಿದ ಹಾಗೆ. ಡಾಕ್ಟರು ಎಲ್ಲಿ, ಯಾವಾಗಿನಿಂದ, ಏನು ತಿಂದಿರಿ ಎಂದು ಕೇಳುತ್ತಾರಲ್ಲ, ಟ್ರ್ಯಾಕರಿನ ಅರ್ಜಿಯೂ ಹಾಗೆಯೇ ಕೇಳಬೇಕು. ನಾನೇನು ಮಾಡಿದೆ, ಏನಾಗುತ್ತದೆ ಎಂದುಕೊಂಡಿದ್ದೆ, ನಿಜವಾಗಿ ಏನಾಯಿತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬೇಕೇ ಬೇಕು. ಜೊತೆಗೆ ತಂತ್ರಾಂಶದ ಆವೃತ್ತಿ ಯಾವುದು, ಫೋನೋ ಕಂಪ್ಯೂಟರೋ ಎಂಬ ವಿವರ.

ಕನ್ನಡದಂತಹ ಭಾಷೆಗೆ ಇನ್ನೊಂದು ವಿಷಯ ಸೇರಬೇಕು. ನಮ್ಮ ಟೀಚರ್ ಬರೆದ ಪದವನ್ನೇ ನೋಡೋಣ. ಯುನಿಕೋಡ್ ಕ್ರಮದಲ್ಲಿ ‘ರ’, ವಿರಾಮ ಚಿಹ್ನೆ, ‘ಯ’ ಒಂದರ ಹಿಂದೊಂದು ಬಂದರೆ ಕಂಪ್ಯೂಟರ್ ಅದನ್ನು ಅರ್ಕಾವೊತ್ತಿನ ‘ರ್ಯ’ ಎಂದು ತೋರಿಸುತ್ತದೆ. ಅರ್ಕಾವೊತ್ತು ಬೇಡ, ಪೂರ್ತಿ ‘ರ’ಕ್ಕೆ ಯಕಾರದ ಒತ್ತು ಬೇಕು ಎಂದಾದರೆ ‘ರ’ ಆದಮೇಲೆ, ವಿರಾಮಕ್ಕೆ ಮೊದಲು, ಜೀರೊ ವಿಡ್ತ್ ಜಾಯ್ನರ್ ಎಂಬ ಚಿಹ್ನೆಯನ್ನು ಸೇರಿಸಬೇಕು. ಅದು ಕಣ್ಣಿಗೆ ಕಾಣುವುದಿಲ್ಲ, ಅಗಲವೂ ಇಲ್ಲ. ಹಳೆಯ ಕಡತಗಳಲ್ಲಿ ಆ ಚಿಹ್ನೆ ವಿರಾಮದ ನಂತರ ಬಂದಿರುವುದೂ ಉಂಟು. ದಾರಿಯಲ್ಲಿ ಎಲ್ಲಾದರೂ ಅದು ಕಳಚಿ ಬಿದ್ದರೆ ‘ರ‍್ಯಾಂಕ್’ ಹೋಗಿ ‘ರ್ಯಾಂಕ್’ ಆಗುತ್ತದೆ.

ಆದ್ದರಿಂದ ಟೀಚರ್ ಬರೀ ಸ್ಕ್ರೀನ್‌ಶಾಟ್ ಕಳಿಸಿದರೆ ಏನು ಕಂಡಿತೆಂಬುದು ಗೊತ್ತಾಗುತ್ತದೆ, ಒಳಗೆ ಏನಿತ್ತೆಂಬುದು ಗೊತ್ತಾಗುವುದಿಲ್ಲ. ಬರೀ ಪಠ್ಯ ಕಳಿಸಿದರೆ ಓದುವವರ ಕಂಪ್ಯೂಟರಿನಲ್ಲಿ ಅದು ಸರಿಯಾಗಿಯೇ ಕಾಣಬಹುದು. ‘ನಮ್ಮಲ್ಲಿ ಸರಿ ಇದೆಯಲ್ಲ’ ಎಂಬ ಉತ್ತರ ಬರುತ್ತದೆ! ಚಿತ್ರವೂ ಬೇಕು, ಪಠ್ಯವೂ ಬೇಕು, ಸಾಧ್ಯವಾದರೆ ಮೂಲ ಕಡತವೂ ಬೇಕು. ಟ್ರ್ಯಾಕರ್ ಕೂಡ ಆ ಪಠ್ಯವನ್ನು ಒಂದಕ್ಷರವೂ ಬದಲಿಸದೆ ಉಳಿಸಿಕೊಳ್ಳಬೇಕು. ಕಾಣದ ಚಿಹ್ನೆಗಳನ್ನು ‘ಸ್ವಚ್ಛಗೊಳಿಸುವ’ ಟ್ರ್ಯಾಕರ್ ಸಾಕ್ಷಿಯನ್ನೇ ಒರೆಸಿಹಾಕುತ್ತದೆ.

ಹಾಗೆಂದು ಇಪ್ಪತ್ತು ಪ್ರಶ್ನೆಗಳ ಅರ್ಜಿ ಇಟ್ಟರೆ ದೂರು ಕೊಡಲು ಬಂದವರು ಅರ್ಧಕ್ಕೇ ಎದ್ದು ಹೋಗುತ್ತಾರೆ. ಆವೃತ್ತಿಯ ಸಂಖ್ಯೆಯಂಥ ವಿವರವನ್ನು ತಂತ್ರಾಂಶವೇ ತುಂಬಿಕೊಡಬಹುದು. ಜನರಿಂದ ಕೇಳಬೇಕಾದದ್ದು ಜನರಿಗೆ ಮಾತ್ರ ಗೊತ್ತಿರುವುದನ್ನು.

ತಪ್ಪು ಯಾರದ್ದು?

ಪರದೆಯ ಮೇಲೆ ಒಂದು ಕನ್ನಡ ಅಕ್ಷರ ಮೂಡುವುದಕ್ಕೆ ಕನಿಷ್ಠ ನಾಲ್ಕು ಕಡೆಯ ಕೆಲಸ ಸೇರಬೇಕು. ಕೀಲಿಮಣೆಯ ತಂತ್ರಾಂಶ ಸರಿಯಾದ ಸಂಕೇತಗಳನ್ನು ಕಳಿಸಬೇಕು. ನಾವು ಬಳಸುವ ಅಪ್ಲಿಕೇಶನ್ ಅವನ್ನು ಹಾಗೆಯೇ ಉಳಿಸಿಕೊಳ್ಳಬೇಕು. ಅಕ್ಷರಗಳನ್ನು ಜೋಡಿಸಿ ಒತ್ತು, ಗುಣಿತಗಳನ್ನು ಅದರದರ ಜಾಗಕ್ಕೆ ಕೂರಿಸಲು ಹಾರ್ಫ್‌ಬಜ್‌ನಂತಹ ಇನ್ನೊಂದು ತಂತ್ರಾಂಶ ಇರುತ್ತದೆ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲವೂ ಇದನ್ನೇ ನೆಚ್ಚಿಕೊಂಡಿವೆ. ಕೊನೆಗೆ ಆ ಆಕಾರ ಫಾಂಟಿನಲ್ಲಿ ಇರಬೇಕು. ಈ ನಾಲ್ಕನ್ನೂ ಸಾಮಾನ್ಯವಾಗಿ ನಾಲ್ಕು ಬೇರೆ ಬೇರೆ ತಂಡಗಳು ನೋಡಿಕೊಳ್ಳುತ್ತವೆ, ನಾಲ್ಕಕ್ಕೂ ಬೇರೆ ಬೇರೆ ದೂರು ಪುಸ್ತಕ.

ತಪ್ಪು ಇವುಗಳಲ್ಲಿ ಯಾರದ್ದೆಂದು ವೇಣೂರಿನ ಟೀಚರಿಗೆ ತಿಳಿದಿರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ‘ಇದು ನಮ್ಮದಲ್ಲ, ಫಾಂಟಿನವರನ್ನು ಕೇಳಿ’ ಎಂದು ದೂರನ್ನು ಮುಚ್ಚಿಬಿಟ್ಟರೆ ಅದು ಸರಕಾರಿ ಕಚೇರಿಯಲ್ಲಿ ಮೇಜಿನಿಂದ ಮೇಜಿಗೆ ಅಲೆಸಿದಂತೆಯೇ. ಡೆಬಿಯನ್ ಟ್ರ್ಯಾಕರಿನಲ್ಲಿ ದೂರನ್ನು ಮೂಲ ತಂಡಕ್ಕೆ ರವಾನಿಸಿದ್ದೇವೆ ಎಂದು ಗುರುತು ಹಾಕುವ ಸೌಲಭ್ಯವಿದೆ. ದೂರು ಕೊಟ್ಟವರ ಪುಟ ಹಾಗೆಯೇ ಉಳಿದಿರುತ್ತದೆ, ಅದು ಈಗ ಎಲ್ಲಿದೆಯೆಂಬ ವಿಳಾಸವೂ ಅಲ್ಲೇ ಸಿಗುತ್ತದೆ. ಓಡಾಡಬೇಕಾದದ್ದು ದೂರು, ದೂರುದಾರರಲ್ಲ.

ಒಂದೇ ದೂರು ಐವತ್ತು ಸಲ

ಹೊಸ ದೂರು ಬರೆಯುವ ಮೊದಲು ಹಳೆಯದನ್ನು ಹುಡುಕಿ ಎಂದು ಎಲ್ಲ ಟ್ರ್ಯಾಕರುಗಳೂ ಹೇಳುತ್ತವೆ. ಆದರೆ ಹುಡುಕುವುದು ಹೇಗೆ? ವೇಣೂರು ಎಂಬ ಹೆಸರನ್ನೇ ಇಂಗ್ಲಿಷಿನಲ್ಲಿ ಒಂದು ‘ಯು’ ಹಾಕಿ ಬರೆಯುವವರಿದ್ದಾರೆ, ಎರಡು ‘ಒ’ ಹಾಕಿ ಬರೆಯುವವರೂ ಇದ್ದಾರೆ. ನಕ್ಷೆಯ ತಂತ್ರಾಂಶವೊಂದರಲ್ಲಿ ಊರಿನ ಬಗ್ಗೆ ಇಬ್ಬರು ಒಂದೇ ದೂರು ಕೊಟ್ಟರೂ ಹುಡುಕಾಟದಲ್ಲಿ ಒಬ್ಬರದ್ದು ಇನ್ನೊಬ್ಬರಿಗೆ ಸಿಗದೆ ಹೋಗಬಹುದು. ‘ಅರ್ಕಾವೊತ್ತು’ ಎಂದು ಒಬ್ಬರು ಬರೆದರೆ ಇನ್ನೊಬ್ಬರು ‘ರೇಫ’ ಎನ್ನುತ್ತಾರೆ, ಮತ್ತೊಬ್ಬರು ‘ಒತ್ತಕ್ಷರ ತಪ್ಪು’ ಎನ್ನುತ್ತಾರೆ.

ಹೀಗಾಗಿ ನಕಲು ದೂರುಗಳು ಬಂದೇ ಬರುತ್ತವೆ. ದೂರು ಕೊಟ್ಟವರನ್ನು ಅದಕ್ಕಾಗಿ ಗದರಿಸಬಾರದು. ನಕಲನ್ನು ಅಳಿಸಲೂಬಾರದು. ಎರಡನ್ನೂ ಜೋಡಿಸಿ, ‘ಇದು ಇಂಥ ಸಂಖ್ಯೆಯ ದೂರಿನಂತೆಯೇ ಇದೆ’ ಎಂದು ತೋರಿಸಿದರೆ ಸಾಕು. ನಕಲು ಪ್ರತಿಗಳೇ ಎಷ್ಟೋ ಸಲ ಹೊಸ ಸುಳಿವು ಕೊಡುತ್ತವೆ. ಮೊದಲನೆಯವರಿಗೆ ಪಿಡಿಎಫ್‌ನಲ್ಲಿ ಮಾತ್ರ ತೊಂದರೆ, ಎರಡನೆಯವರಿಗೆ ಮುದ್ರಣದಲ್ಲೂ ತೊಂದರೆ ಎಂದಾದರೆ ತಪ್ಪು ಎಲ್ಲಿರಬಹುದು ಎಂಬ ಹುಡುಕಾಟ ಅಷ್ಟು ಚಿಕ್ಕದಾಯಿತು.

ದೂರಿನ ಪಯಣ

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಬಂದವರನ್ನು ಬಂದ ಕ್ರಮದಲ್ಲಿ ನೋಡುವುದಿಲ್ಲ, ತೀವ್ರತೆ ನೋಡಿ ವಿಂಗಡಿಸುತ್ತಾರೆ. ಟ್ರ್ಯಾಕರಿನಲ್ಲೂ ಈ ಕೆಲಸಕ್ಕೆ ಜನ ಬೇಕು. ಲಿಬ್ರೆಆಫೀಸಿನಲ್ಲಿ ಹೊಸ ದೂರು ಮೊದಲಿಗೆ ‘ಇನ್ನೂ ಖಚಿತವಾಗಿಲ್ಲ’ ಎಂಬ ಸ್ಥಿತಿಯಲ್ಲಿರುತ್ತದೆ. ಬೇರೊಬ್ಬರು ತಮ್ಮ ಕಂಪ್ಯೂಟರಿನಲ್ಲಿ ಅದನ್ನು ಮಾಡಿ ನೋಡಿ, ಹೌದು ಎಂದ ಮೇಲೆ ಮುಂದಿನ ಹಂತ. ಈ ಪರೀಕ್ಷೆಗೆ ಪ್ರೋಗ್ರಾಮಿಂಗ್ ಗೊತ್ತಿರಬೇಕಿಲ್ಲ. ಕನ್ನಡ ಓದಲು ಬರುವ ಯಾರು ಬೇಕಾದರೂ ಮಾಡಬಹುದು. ನಿಜ ಹೇಳಬೇಕೆಂದರೆ, ಕನ್ನಡ ಬಾರದ ದೊಡ್ಡ ಪ್ರೋಗ್ರಾಮರಿಗೆ ಈ ಕೆಲಸ ಸಾಧ್ಯವೇ ಇಲ್ಲ. ‘ರ‍್ಯಾಂಕ್’ ಮತ್ತು ‘ರ್ಯಾಂಕ್’ ನಡುವಿನ ವ್ಯತ್ಯಾಸ ಅವರ ಕಣ್ಣಿಗೆ ಬೀಳುವುದಾದರೂ ಹೇಗೆ?

ಇಲ್ಲಿ ಎರಡು ಅಳತೆಗಳನ್ನು ಬೇರೆಬೇರೆಯಾಗಿ ಇಡುವುದು ಒಳ್ಳೆಯದು. ದೋಷ ಎಷ್ಟು ತೀವ್ರ ಎಂಬುದು ಒಂದು, ಅದನ್ನು ಎಷ್ಟು ಬೇಗ ಸರಿಪಡಿಸಬೇಕು ಎಂಬುದು ಇನ್ನೊಂದು. ಬರೆದದ್ದೆಲ್ಲ ಅಳಿಸಿಹೋಗುವ ದೋಷ ತೀವ್ರವೇ ಆದರೂ ಯಾರೂ ಬಳಸದ ಹಳೆಯ ಆವೃತ್ತಿಯಲ್ಲಿದ್ದರೆ ಅವಸರವಿಲ್ಲ. ಮೊದಲ ಪುಟದಲ್ಲೇ ಭಾಷೆಯ ಹೆಸರು ತಪ್ಪಾಗಿದ್ದರೆ ತೀವ್ರತೆ ಕಡಿಮೆ, ಅವಸರ ಹೆಚ್ಚು.

ದೂರನ್ನು ಮುಚ್ಚುವಾಗ ಕಾರಣ ಹೇಳುವುದು ಕಡ್ಡಾಯವಾಗಬೇಕು. ಸರಿಪಡಿಸಿದೆವು, ನಕಲು, ವಿವರ ಸಾಲದು, ಇದನ್ನು ಬದಲಿಸುವುದಿಲ್ಲ: ಯಾವುದಾದರೂ ಒಂದು. ‘ಬದಲಿಸುವುದಿಲ್ಲ’ ಎಂಬ ಉತ್ತರ ಬೇಸರ ತರಬಹುದು. ಆದರೂ ವರ್ಷಗಟ್ಟಲೆ ಉತ್ತರವೇ ಇಲ್ಲದಿರುವುದಕ್ಕಿಂತ ಅದು ಎಷ್ಟೋ ಮೇಲು.

ಯಾವುದು ದೋಷ ಎಂಬುದನ್ನೂ ಮೊದಲೇ ಹೇಳಿರಬೇಕು. ಉಬುಂಟು ಯೋಜನೆಯ ಮೊದಲನೆಯ ದೂರನ್ನು ಅದರ ಸ್ಥಾಪಕ ಮಾರ್ಕ್ ಶಟಲ್‌ವರ್ತ್ ಅವರೇ 2004ರಲ್ಲಿ ಬರೆದರು. ಮಾರುಕಟ್ಟೆಯ ಬಹುಪಾಲು ಮೈಕ್ರೋಸಾಫ್ಟ್ ಕೈಯಲ್ಲಿದೆ ಎಂಬುದೇ ಆ ದೂರು! ಅದನ್ನು ಮುಚ್ಚಿದ್ದು 2013ರ ಮೇ ತಿಂಗಳಲ್ಲಿ. ಒಂದು ಸಂಕಲ್ಪವಾಗಿ ಅದು ಚೆನ್ನಾಗಿತ್ತು. ಆದರೆ ಪುಸ್ತಕದ ತುಂಬ ಇಂಥವೇ ತುಂಬಿದರೆ ಅರ್ಕಾವೊತ್ತಿನ ದೂರು ಕಾಣುವುದು ಯಾರಿಗೆ?

ಎಲ್ಲವನ್ನೂ ಬಹಿರಂಗವಾಗಿ ಬರೆಯಬಹುದೇ?

ಬರೆಯಬಾರದು. ಮನೆಯ ಬೀಗ ಕೆಟ್ಟಿದೆಯೆಂದು ಪೇಟೆಯಲ್ಲಿ ಬೋರ್ಡು ಹಾಕಿದರೆ ಮೊದಲು ಬರುವವನು ಬೀಗ ರಿಪೇರಿಯವನೇ ಆಗಿರಬೇಕಿಲ್ಲ. ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ ‘ಹಾರ್ಟ್‌ಬ್ಲೀಡ್’ ದೋಷ ಇದಕ್ಕೆ ಪ್ರಸಿದ್ಧ ಉದಾಹರಣೆ. ಸರ್ವರ್‌ನ ನೆನಪಿನಲ್ಲಿದ್ದ ಗುಟ್ಟಿನ ಮಾಹಿತಿಯನ್ನು ಹೊರಗಿನವರು ಓದಲು ಅದರಿಂದ ಸಾಧ್ಯವಾಗುತ್ತಿತ್ತು. 2014ರ ಏಪ್ರಿಲ್ 7ರಂದು ಅದನ್ನು ಪ್ರಕಟಿಸಿದ ದಿನವೇ ಪರಿಹಾರವನ್ನೂ ಬಿಡುಗಡೆ ಮಾಡಿದರು. ಸುರಕ್ಷತೆಯ ದೂರುಗಳಿಗೆ ಹೀಗೆ ಪ್ರತ್ಯೇಕ ಬಾಗಿಲು ಬೇಕು. ಸರಿಪಡಿಸುವವರೆಗೆ ಕೆಲವರಿಗೆ ಮಾತ್ರ ಕಾಣಬೇಕು, ಆಮೇಲೆ ಎಲ್ಲರಿಗೂ ತೆರೆಯಬೇಕು. ಆ ಬಾಗಿಲು ಶಾಶ್ವತವಾಗಿ ಮುಚ್ಚಿಯೇ ಇದ್ದರೆ ಬಚ್ಚಿಡುವುದಕ್ಕೂ ಅದಕ್ಕೂ ವ್ಯತ್ಯಾಸವಿಲ್ಲ.

ಇನ್ನೊಂದು ಅಪಾಯ ದೂರುದಾರರಿಂದಲೇ ಬರುತ್ತದೆ. ನಮ್ಮ ಟೀಚರ್ ಮೂಲ ಕಡತವನ್ನೇ ಲಗತ್ತಿಸಿದರೆ ಇಡೀ ತರಗತಿಯ ಮಕ್ಕಳ ಹೆಸರು, ಅಂಕ ಲೋಕಕ್ಕೆಲ್ಲ ತಿಳಿದುಬಿಡುತ್ತದೆ. ‘ಈ ಕಡತ ಎಲ್ಲರಿಗೂ ಕಾಣುತ್ತದೆ, ಹೆಸರು ಮತ್ತು ಫೋನ್ ಸಂಖ್ಯೆ ತೆಗೆದಿದ್ದೀರಾ?’ ಎಂದು ಲಗತ್ತಿಸುವ ಮೊದಲೇ ಕೇಳಬೇಕು. ತಪ್ಪಿ ಹಾಕಿದ್ದನ್ನು ಬೇಗ ತೆಗೆಸುವ ದಾರಿಯೂ ಇರಬೇಕು. ಆ ಒಂದೇ ಪದವಿರುವ ಹೊಸ ಕಡತ ಮಾಡಿ ಕಳಿಸುವುದು ಇನ್ನೂ ಒಳ್ಳೆಯದು.

ಕೆಲವು ತಪ್ಪು ತಿಳಿವಳಿಕೆಗಳು

*ದೂರುಗಳ ಪಟ್ಟಿ ಉದ್ದವಿದ್ದರೆ ತಂತ್ರಾಂಶ ಕೆಟ್ಟದ್ದು.* ಹಾಗೇನಿಲ್ಲ. ಬಹಳ ಜನ ಬಳಸುವ ತಂತ್ರಾಂಶಕ್ಕೆ ದೂರುಗಳೂ ಬಹಳ. ಒಂದೂ ದೂರಿಲ್ಲದ ತಂತ್ರಾಂಶವನ್ನು ಒಂದೋ ಯಾರೂ ಬಳಸುತ್ತಿಲ್ಲ, ಇಲ್ಲವೇ ದೂರು ಕೊಡುವ ದಾರಿ ಯಾರಿಗೂ ಗೊತ್ತಿಲ್ಲ.

*ಎಲ್ಲರಿಗೂ ಕಾಣುವುದರಿಂದ ದೋಷ ತಾನಾಗಿಯೇ ಸಿಗುತ್ತದೆ.* ಹಾರ್ಟ್‌ಬ್ಲೀಡ್ ಬಹಿರಂಗ ಸಂಕೇತದಲ್ಲೇ ಎರಡು ವರ್ಷ ಕೂತಿತ್ತು. ನೋಡಬಹುದು ಎಂಬುದಕ್ಕೂ ನೋಡುತ್ತಿದ್ದಾರೆ ಎಂಬುದಕ್ಕೂ ಅಂತರವಿದೆ.

*ಹೆಚ್ಚು ಮತ ಬಿದ್ದ ದೂರನ್ನೇ ಮೊದಲು ಸರಿಪಡಿಸಬೇಕು.* ಹಾಗಾದರೆ ಕಡಿಮೆ ಜನರ ಭಾಷೆಗಳ ಸರದಿ ಎಂದೂ ಬರುವುದಿಲ್ಲ. ತುಳು–ತಿಗಳಾರಿ ಲಿಪಿ ಯುನಿಕೋಡ್ ಸೇರಿದ್ದೇ 2024ರ ಸೆಪ್ಟೆಂಬರಿನಲ್ಲಿ. ಅದರ ದೋಷಗಳಿಗೆ ಮತ ಹಾಕುವವರು ಎಷ್ಟು ಮಂದಿ ಇದ್ದಾರು? ಮತ ಒಂದು ಸುಳಿವಷ್ಟೇ, ತೀರ್ಪಲ್ಲ.

*ದೂರು ಕೊಟ್ಟ ಮೇಲೆ ಸರಿಪಡಿಸುವುದು ಅವರ ಕರ್ತವ್ಯ.* ಅನೇಕ ಮುಕ್ತ ತಂತ್ರಾಂಶಗಳನ್ನು ನೋಡಿಕೊಳ್ಳುವವರು ಸಂಬಳವಿಲ್ಲದ ಒಬ್ಬಿಬ್ಬರು. ಅವರ ಮೇಲೆ ಬಹಿರಂಗವಾಗಿ ಒತ್ತಡ ಹೇರಿದರೆ ಏನಾಗಬಹುದೆಂಬುದಕ್ಕೆ ‘ಎಕ್ಸ್‌ಝಡ್’ ಪ್ರಕರಣ ಸಾಕ್ಷಿ. ದಣಿದಿದ್ದ ನಿರ್ವಾಹಕರನ್ನು ಕೆಲವು ಖಾತೆಗಳಿಂದ ನಿಧಾನವಾಯಿತೆಂದು ಪೀಡಿಸಲಾಯಿತು. ‘ಸಹಾಯ’ಕ್ಕೆ ಬಂದ ವ್ಯಕ್ತಿ ಕ್ರಮೇಣ ಅಧಿಕಾರ ಪಡೆದು ತಂತ್ರಾಂಶದಲ್ಲಿ ಕಳ್ಳಬಾಗಿಲು ಇಟ್ಟ. 2024ರ ಮಾರ್ಚ್ ಕೊನೆಯಲ್ಲಿ ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಬೆನ್ನುಹತ್ತಿದ್ದರಿಂದ ಅದು ಬಯಲಾಯಿತು. ಇತ್ತೀಚೆಗೆ ಕೃತಕ ಬುದ್ಧಿಮತ್ತೆಯಿಂದ ಬರೆಸಿದ ಹುಸಿ ದೂರುಗಳೂ ಸೇರಿಕೊಂಡಿವೆ. ‘ಕರ್ಲ್’ ತಂತ್ರಾಂಶದ ಡೇನಿಯಲ್ ಸ್ಟೆನ್‌ಬರ್ಗ್ ಈ ಬಗ್ಗೆ ಬಹಿರಂಗವಾಗಿಯೇ ಬೇಸರ ತೋಡಿಕೊಂಡಿದ್ದಾರೆ. ಟ್ರ್ಯಾಕರಿಗೆ ನಡವಳಿಕೆಯ ನಿಯಮ ಬೇಕಾಗುವುದು, ಬೈಗುಳ ತುಂಬಿದ ಚರ್ಚೆಗೆ ಬೀಗ ಹಾಕುವ ಅವಕಾಶ ಬೇಕಾಗುವುದು ಇದಕ್ಕೇ.

ಕನ್ನಡದಲ್ಲಿ ದೂರು ಕೊಟ್ಟರೆ?

ಈಗ ಮುಖ್ಯ ಪ್ರಶ್ನೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಬಳಸುವ ಊರಿನವರು ದೊಡ್ಡ ಟ್ರ್ಯಾಕರುಗಳಿಗೆ ಇಂಗ್ಲಿಷಿನಲ್ಲೇ ಬರೆಯಬೇಕಾಗಿದೆ. ಕನ್ನಡದ ದೋಷಗಳನ್ನು ಚೆನ್ನಾಗಿ ಗುರುತಿಸಬಲ್ಲವರು ಕನ್ನಡದಲ್ಲೇ ಓದಿ ಬರೆಯುವವರು. ಇಂಗ್ಲಿಷ್ ಅರ್ಜಿಯ ಮುಂದೆ ಮೊದಲು ಹಿಂಜರಿಯುವವರೂ ಅವರೇ. ದೂರು ಬರದಿದ್ದರೆ ದೋಷವೇ ಇಲ್ಲವೆಂದು ಲೆಕ್ಕ. ದೋಷ ಉಳಿದರೆ ಜನ ಆ ತಂತ್ರಾಂಶದಲ್ಲಿ ಕನ್ನಡ ಬಳಸುವುದನ್ನೇ ಬಿಡುತ್ತಾರೆ. ಕೊನೆಗೆ ‘ಕನ್ನಡದಲ್ಲಿ ಬಳಸುವವರೇ ಇಲ್ಲ’ ಎಂಬ ಮಾತು ಬರುತ್ತದೆ.

ಇದನ್ನು ಮುರಿಯಲು ದೊಡ್ಡ ಖರ್ಚೇನೂ ಬೇಡ. ಅರ್ಜಿಯ ಮೂರು ಪ್ರಶ್ನೆಗಳು ಕನ್ನಡದಲ್ಲಿರಲಿ. ಕನ್ನಡದಲ್ಲಿ ಬರೆದ ದೂರನ್ನು ಭಾಷೆಯ ಕಾರಣಕ್ಕೆ ಮುಚ್ಚಬಾರದೆಂಬ ನಿಯಮವಿರಲಿ. ಕನ್ನಡಕ್ಕೊಂದು ಗುರುತುಪಟ್ಟಿ ಇದ್ದು, ಎರಡೂ ಭಾಷೆ ಬಲ್ಲ ಸ್ವಯಂಸೇವಕರಿಗೆ ಆ ಗುರುತಿನ ದೂರುಗಳು ತಾವಾಗಿಯೇ ತಲುಪಲಿ. ಅವರು ಕೆಳಗೆ ಇಂಗ್ಲಿಷ್ ಸಾರಾಂಶ ಬರೆಯಲಿ, ಮೂಲ ಮಾತು ಮಾತ್ರ ಹಾಗೆಯೇ ಉಳಿಯಲಿ. ಯಂತ್ರಾನುವಾದವೂ ನೆರವಾಗಬಹುದು. ಆದರೆ ‘ರ‍್ಯಾಂಕ್’ ಮತ್ತು ‘ರ್ಯಾಂಕ್’ ಎರಡನ್ನೂ ಅದು ಒಂದೇ ಇಂಗ್ಲಿಷ್ ಪದವಾಗಿಸಿಬಿಟ್ಟರೆ ದೂರೇ ಮಾಯ! ಮೂಲ ಪಠ್ಯ ಉಳಿಯಲೇಬೇಕು ಎನ್ನುವುದು ಇದಕ್ಕಾಗಿಯೇ.

ಇನ್ನು ನಮ್ಮ ಟೀಚರ್. ಮುಂದಿನ ಸಲ ಅರ್ಕಾವೊತ್ತು ತಾನಾಗಿ ಬಂದು ಕೂತಾಗ ಪದ ಬದಲಿಸುವ ಮೊದಲು ಅವರು ಐದು ನಿಮಿಷ ಕೊಡಬಹುದು. ಆ ಒಂದು ಪದವನ್ನು ಹೊಸ ಕಡತದಲ್ಲಿ ಬರೆದು, ಪಿಡಿಎಫ್ ಮಾಡಿ, ಎರಡನ್ನೂ ಲಗತ್ತಿಸಿ, ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು ಎಂಬ ಮೂರು ಸಾಲು ಬರೆದರೆ ಸಾಕು. ಅದು ಮರುದಿನವೇ ಸರಿಯಾಗದೆ ಇರಬಹುದು. ಆದರೆ ಆ ದೂರಿಗೊಂದು ಸಂಖ್ಯೆ ಇರುತ್ತದೆ. ನಾಳೆ ಅದೇ ತೊಂದರೆ ಎದುರಿಸುವ ಬಂಟ್ವಾಳದವರಿಗೆ ಆ ಪುಟ ಸಿಗುತ್ತದೆ, ತಾನೇ ಏನೋ ತಪ್ಪು ಒತ್ತಿದೆನೇನೋ ಎಂಬ ಅನುಮಾನ ಅವರನ್ನು ಕಾಡುವುದಿಲ್ಲ.